ಟೋಫಾ ಬದಲು ಪಾಮ್: ಬೆಳಗಾವಿಯ ಒಬ್ಬ ಪೂರೈಕೆದಾರನ ಚಳಿಗಾಲದ ಪ್ರಕರಣ

ಬೆಳಗಾವಿಯ ಉದ್ಯಮಬಾಗದ ಮೆಷಿನ್ ಶಾಪ್‌ಗಳಲ್ಲಿ ಲೇತ್ ಮೇಲೆ ಹಾಲಿನಂತೆ ಸುರಿಯುವ ಕೂಲಂಟ್‌ಗೂ ಫಿನ್ಲೆಂಡಿನ ಪೈನ್ ಕಾಡಿಗೂ ನಂಟಿದೆ ಎಂದರೆ ಲೇತ್ ನಡೆಸುವವನೇ ನಗಬಹುದು. ನಂಟು ಇರುವುದು ಟಾಲ್ ಆಯಿಲ್ ಫ್ಯಾಟಿ ಆ್ಯಸಿಡ್ ಮೂಲಕ. ವ್ಯಾಪಾರದ ಬಾಯಲ್ಲಿ ಅದು ಬರೀ ‘ಟೋಫಾ’. ಖನಿಜ ತೈಲವನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ಸಾಬೂನು ತಯಾರಾಗುವುದು ಇದರಿಂದ. ಅಲ್ಕಿಡ್ ಪೇಂಟು (ಎನಾಮೆಲ್‌ನಂಥ ಎಣ್ಣೆ ಬಣ್ಣ) ಗಾಳಿಗೆ ಒಣಗುವುದಕ್ಕೂ ಇದು ಬೇಕು.

ಈ ಪ್ರಕರಣ 2023ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗಿನದು. ಸಂಸ್ಥೆ, ಗ್ರಾಹಕರು, ಟನ್ನಿನ ಲೆಕ್ಕ ಇವೆಲ್ಲ ಮಾದರಿಗಾಗಿ ಜೋಡಿಸಿದವು. ರಸಾಯನ, ಹಡಗು ದಾರಿ, ಮಾರುಕಟ್ಟೆಯ ಸಂಗತಿಗಳು ಇದ್ದದ್ದು ಇದ್ದಂತೆ. ನಮ್ಮ ಪೂರೈಕೆದಾರ ತಿಂಗಳಿಗೆ 8 ಟನ್ ಮಾರುತ್ತಾನೆ. ಅದರಲ್ಲಿ 4 ಟನ್ ಕಟಿಂಗ್ ಆಯಿಲ್ (ನೀರಿಗೆ ಬೆರೆಸಿ ಕೂಲಂಟ್ ಮಾಡುವ ಎಣ್ಣೆ) ಮಾಡುವ ಒಂದು ಘಟಕಕ್ಕೆ, 3 ಟನ್ ಅಲ್ಕಿಡ್ ರೆಸಿನ್ ಕುದಿಸುವ ಇನ್ನೊಂದಕ್ಕೆ, ಉಳಿದದ್ದು ಚಿಲ್ಲರೆ. ತಾನೇ ಆಮದು ಮಾಡುವುದಿಲ್ಲ. ಮುಂಬೈ ಬಳಿಯ ಭಿವಂಡಿ ಕಡೆಯ ಗೋದಾಮುಗಳಿಂದ 190 ಕೆಜಿಯ ಡ್ರಮ್ ತರಿಸುತ್ತಾನೆ. ಲಾರಿ ಎರಡು ಮೂರು ದಿನದಲ್ಲಿ ಬರುವುದರಿಂದ 16 ಡ್ರಮ್, ಅಂದರೆ ಸುಮಾರು 3 ಟನ್ ಉಳಿದಾಗ ಫೋನ್ ಮಾಡುವುದು ರೂಢಿ. ವರ್ಷಗಟ್ಟಲೆ ಇದು ಸರಾಗವಾಗಿ ನಡೆದಿತ್ತು.

ಬೇಡಿಕೆ ಹೆಚ್ಚಿದರೂ ಹೆಚ್ಚದ ಸರಕು

ಕಾಗದದ ಮಿಲ್ಲಿನಲ್ಲಿ ಪೈನ್ ಚಕ್ಕೆಗಳನ್ನು ಕ್ರಾಫ್ಟ್ ವಿಧಾನದಲ್ಲಿ, ಅಂದರೆ ಕಾಸ್ಟಿಕ್ ಮತ್ತು ಸೋಡಿಯಂ ಸಲ್ಫೈಡ್‌ನಲ್ಲಿ ಬೇಯಿಸಿದಾಗ ಮರದೊಳಗಿನ ಕೊಬ್ಬು ಮತ್ತು ರಾಳ ಸಾಬೂನಾಗಿ ಕಪ್ಪು ದ್ರಾವಣ ಸೇರುತ್ತವೆ. ದ್ರಾವಣವನ್ನು ಬತ್ತಿಸುತ್ತ ಹೋಗಿ ಘನಾಂಶ ಸುಮಾರು ಶೇ. 25–30ಕ್ಕೆ ಬಂದಾಗ ಸಾಬೂನು ಕೆನೆಯಂತೆ ಮೇಲೆ ತೇಲುತ್ತದೆ. ಅದನ್ನು ತೆಗೆದು ಗಂಧಕಾಮ್ಲ ಹಾಕಿದರೆ ಕಚ್ಚಾ ಟಾಲ್ ಆಯಿಲ್. ಅದನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಿದರೆ ಟೋಫಾ, ರಾಳ, ಎರಡೂ ಬೆರೆತ ಡಿಟಿಒ (ಡಿಸ್ಟಿಲ್ಡ್ ಟಾಲ್ ಆಯಿಲ್), ತಳದಲ್ಲಿ ಡಾಂಬರಿನಂಥ ಪಿಚ್. ಒಂದು ಟನ್ ಪೈನ್ ಪಲ್ಪಿಗೆ (ಕಾಗದದ ತಿರುಳಿಗೆ) ಕಚ್ಚಾ ಎಣ್ಣೆ ಸಿಗುವುದು 30–50 ಕೆಜಿ. ಅದರಲ್ಲಿ ಟೋಫಾ ಮೂರರಲ್ಲೊಂದು ಪಾಲು ಎಂದು ಹಿಡಿದರೆ 10–15 ಕೆಜಿ. 22 ಟನ್ನಿನ ಒಂದು ಫ್ಲೆಕ್ಸಿಟ್ಯಾಂಕ್ (ಕಂಟೇನರಿನೊಳಗೆ ಹಾಸುವ ದೊಡ್ಡ ಚೀಲ) ತುಂಬಲು ಎಲ್ಲೋ ಒಂದು ಕಡೆ ಒಂದೂವರೆ ಸಾವಿರದಿಂದ ಎರಡು ಸಾವಿರದ ಇನ್ನೂರು ಟನ್ ಪಲ್ಪ್ ಬೆಂದಿರಬೇಕು.

ಟೋಫಾಕ್ಕೆ ಬೆಲೆ ಬಂತೆಂದು ಯಾರೂ ಹೆಚ್ಚು ಕಾಗದ ಮಾಡುವುದಿಲ್ಲ. ರಟ್ಟಿನ ಬೇಡಿಕೆ ಕುಸಿದು ಮಿಲ್ಲೊಂದು ಮುಚ್ಚಿದರೆ ಎಣ್ಣೆಯೂ ಹೋಯಿತು. ಉಪ ಉತ್ಪನ್ನದ ಉಪ ಉತ್ಪನ್ನವನ್ನು ಮಾರುವವನಿಗೆ ಇದೇ ಮೊದಲ ಕಷ್ಟ.

ಎರಡನೆಯದು ಇಂಧನದವರು. ಫಿನ್ಲೆಂಡಿನ ಲಪ್ಪೇನ್‌ರಾಂಟಾದಲ್ಲಿ ಯುಪಿಎಂ ಸಂಸ್ಥೆಯ ಘಟಕ 2015ರಿಂದ ಕಚ್ಚಾ ಟಾಲ್ ಆಯಿಲ್‌ನಿಂದಲೇ ಡೀಸೆಲ್ ಮಾಡುತ್ತಿದೆ. ಆರಂಭದ ಸಾಮರ್ಥ್ಯವೇ ವರ್ಷಕ್ಕೆ 1 ಲಕ್ಷ ಟನ್. ಐರೋಪ್ಯ ಒಕ್ಕೂಟದ ನವೀಕರಿಸಬಹುದಾದ ಇಂಧನದ ನಿರ್ದೇಶನ ಟಾಲ್ ಆಯಿಲ್ ಮತ್ತು ಅದರ ಪಿಚ್ಚನ್ನು ಮುಂದುವರಿದ ಜೈವಿಕ ಇಂಧನದ ಕಚ್ಚಾ ವಸ್ತುಗಳ ಪಟ್ಟಿಯಲ್ಲಿ ಇಟ್ಟಿತು. ಇಂಥ ಇಂಧನವನ್ನು ಗುರಿಯ ಲೆಕ್ಕದಲ್ಲಿ ಎರಡು ಪಟ್ಟು ಹಿಡಿಯಲು ಅವಕಾಶ ಕೊಟ್ಟಿತು. ಸಾಬೂನು ಮಾಡುವವನು ಕೊಡುವ ಬೆಲೆಗೂ ಸರ್ಕಾರಿ ಗುರಿ ಮುಟ್ಟಬೇಕಾದವನು ಕೊಡುವ ಬೆಲೆಗೂ ಪೈಪೋಟಿ ಹೇಗೆ ನಡೆದೀತು? ಅತ್ತ ಅಮೆರಿಕದಲ್ಲಿ ಇಂಜೆವಿಟಿ ಸಂಸ್ಥೆ ಲೂಯಿಸಿಯಾನಾದ ಡೆರಿಡರ್ ಘಟಕವನ್ನು ಮುಚ್ಚುವುದಾಗಿ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದರ ಬೆನ್ನಿಗೇ, ಡಿಸೆಂಬರ್‌ನಲ್ಲಿ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಹೆಚ್ಚಿ ಕಂಟೇನರ್ ಹಡಗುಗಳು ಸೂಯೆಜ್ ಬಿಟ್ಟು ಗುಡ್ ಹೋಪ್ ಭೂಶಿರ ಸುತ್ತತೊಡಗಿದವು. ಸಾಗಣೆಗೆ 10–14 ದಿನ ಹೆಚ್ಚಾಯಿತು.

ಇಲ್ಲಿ ಯಾರಾದರೂ ಕೇಳುವ ಪ್ರಶ್ನೆ: ಬೆಳಗಾವಿಯಿಂದ ಎರಡು ಎರಡೂವರೆ ಗಂಟೆ ದಾರಿಯ ದಾಂಡೇಲಿಯಲ್ಲೇ ದೊಡ್ಡ ಕಾಗದ ಕಾರ್ಖಾನೆ ಇದೆಯಲ್ಲ? ಇದೆ. ಆದರೆ ಮೊದಲು ಬಿದಿರು, ಈಗ ನೀಲಗಿರಿ, ಸುಬಾಬುಲ್, ಗಾಳಿಮರದ ಜಾತಿ. ಇವುಗಳಲ್ಲಿ ರಾಳಾಮ್ಲ ಇಲ್ಲ. ಕೊಬ್ಬು ಇದ್ದರೂ ರಾಳದ ಸಾಬೂನಿನ ಆಸರೆ ಇಲ್ಲದೆ ಅದು ಸರಿಯಾಗಿ ಮೇಲೆ ತೇಲುವುದಿಲ್ಲ, ಸಾಬೂನಾಗದ ಅಂಶವೂ ಹೆಚ್ಚು. ಹಿಮಾಚಲ, ಉತ್ತರಾಖಂಡಗಳ ಚಿರ್ ಪೈನ್‌ನಿಂದ ನಮಗೆ ಸಿಗುವುದು ಕೆತ್ತಿ ಇಳಿಸಿದ ರಾಳ ಮತ್ತು ಟರ್ಪೆಂಟೈನ್. ಟೋಫಾ ಹೊರಗಿನಿಂದಲೇ ಬರಬೇಕು.

ಜನವರಿಯಲ್ಲಿ ಆದದ್ದು

ಜನವರಿ ಮೊದಲ ವಾರ 16 ಡ್ರಮ್ ಉಳಿದಾಗ ಎಂದಿನಂತೆ ಫೋನ್ ಹೋಯಿತು. ಗೋದಾಮಿನಲ್ಲಿ ಮಾಲಿಲ್ಲ, ಹಡಗು ಬರಲು ಇನ್ನೂ ಮೂರು ನಾಲ್ಕು ವಾರ ಎಂಬ ಉತ್ತರ ಬಂತು. ಪೂರೈಕೆದಾರ ಎರಡು ನಿರ್ಧಾರ ಮಾಡಿದ. ಇದ್ದ ಟೋಫಾವನ್ನು ಅಲ್ಕಿಡ್ ಘಟಕಕ್ಕೆ ಎತ್ತಿಟ್ಟ. ಅದು ಸರಿ: ಅಲ್ಲಿ ಒಣಗುವ ಗುಣ ಬೇಕು, ಬದಲಿ ಕಷ್ಟ. ಕಟಿಂಗ್ ಆಯಿಲ್ ಘಟಕಕ್ಕೆ ಪಾಮ್ ಎಣ್ಣೆ ಮೂಲದ ಶೇ. 75 ಓಲೀಕ್ ಆಮ್ಲದ 20 ಡ್ರಮ್ ಕಳುಹಿಸಿದ. ಅದರಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ಬಿಲ್ಲಿನಲ್ಲಿ. ಅಲ್ಲಿ ‘ಫ್ಯಾಟಿ ಆ್ಯಸಿಡ್’ ಎಂದಷ್ಟೇ ಇತ್ತು, ಫೋನಿನಲ್ಲಿ ಹೇಳಿದ್ದು ‘ಈ ಸಲ ಬೇರೆ ಲಾಟ್ ರೀ’ ಎಂದು.

ಹತ್ತು ಡ್ರಮ್ ಖರ್ಚಾಗುವ ಹೊತ್ತಿಗೆ ದೂರು ಶುರುವಾದವು. ಕಾನ್ಸಂಟ್ರೇಟಿನಲ್ಲಿ, ಅಂದರೆ ನೀರು ಬೆರೆಸದ ಕಟಿಂಗ್ ಆಯಿಲ್‌ನಲ್ಲಿ, ಶೇ. 6ರಷ್ಟು ಆಮ್ಲ ಬೀಳುತ್ತದೆ. ಹತ್ತು ಡ್ರಮ್ ಎಂದರೆ 31 ಟನ್ನಿಗೂ ಮಿಕ್ಕಿ ಕಟಿಂಗ್ ಆಯಿಲ್ ಆಗಲೇ ಮೆಷಿನ್ ಶಾಪ್ ಸೇರಿತ್ತು. ಮೆಷಿನ್ ಸಂಪಿನ (ಕೂಲಂಟ್ ತೊಟ್ಟಿಯ) ಮೇಲೆ ಬಿಳಿ ಕೆನೆ, ಫಿಲ್ಟರ್ ಜಾಲರಿಗೆ ಮೇಣದಂಥ ಜಿಗುಟು, ನಾಲ್ಕು ದಿನಕ್ಕೆ ಎಣ್ಣೆ ಮೇಲೆ ನೀರು ಕೆಳಗೆ. ಘಟಕದ ಅಂಗಳದಲ್ಲಿದ್ದ ಡ್ರಮ್‌ಗಳಲ್ಲಿ ಬೆಳಗಿನ ಜಾವ ತಳದಲ್ಲಿ ಗಟ್ಟಿ ಪದರ.

ಎಲ್ಲಿ ಕೆಟ್ಟಿತು

ಮೊದಲ ಅನುಮಾನ ಆಮ್ಲ ಮೌಲ್ಯದ ಮೇಲೆ, ಅಂದರೆ ಒಂದು ಗ್ರಾಂ ಆಮ್ಲವನ್ನು ತಟಸ್ಥ ಮಾಡಲು ಎಷ್ಟು ಮಿ.ಗ್ರಾಂ ಕ್ಷಾರ ಬೇಕು ಎಂಬ ಅಂಕಿಯ ಮೇಲೆ. ಟೋಫಾದ್ದು 195, ಬಂದ ಓಲೀಕ್‌ದು 201. 1000 ಕೆಜಿ ಬ್ಯಾಚಿಗೆ 60 ಕೆಜಿ ಆಮ್ಲ ಹಾಕಿದರೆ, ಅದನ್ನು ಸಾಬೂನಾಗಿಸಲು 195ಕ್ಕೆ ಬೇಕಾಗುವ ಟ್ರೈಎಥನಾಲಮೈನ್ ಎಂಬ ಅಮೈನ್ 31.1 ಕೆಜಿ, 201ಕ್ಕೆ 32.1 ಕೆಜಿ. ಸೂತ್ರದಲ್ಲಿ ಮೊದಲೇ 36 ಕೆಜಿ ಇತ್ತು. ಶೇ. 5ರ ಮಿಶ್ರಣದ ಪಿಎಚ್ 9.2 ತೋರಿಸಿತು. ಹಾಗಾಗಿ ಇದು ಕಾರಣವಲ್ಲ. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ: ಘಟಕದವರು ಮೊದಲ ದಿನವೇ ಅಮೈನ್ ಇನ್ನಷ್ಟು ಸುರಿದು ಮೂರು ಬ್ಯಾಚ್ ಹಾಳು ಮಾಡಿಕೊಂಡರು. ನೊರೆ ಹೆಚ್ಚಾಯಿತು, ಕೆನೆ ಹಾಗೇ ಉಳಿಯಿತು.

ನಿಜವಾದ ವ್ಯತ್ಯಾಸ ಬೇಗ ಹೆಪ್ಪುಗಟ್ಟುವ ಸ್ಯಾಚುರೇಟೆಡ್ ಆಮ್ಲಗಳದು. ಟೋಫಾದಲ್ಲಿ ಪಾಮಿಟಿಕ್, ಸ್ಟಿಯರಿಕ್ ಕೂಡಿ ಶೇ. 2–3. ಪಾಮ್ ಓಲೀಕ್‌ನಲ್ಲಿ ಶೇ. 10–15. ಅದಕ್ಕೇ ಟೋಫಾ ಫ್ರಿಜ್ಜಿನ ಚಳಿಯಲ್ಲೂ ಹರಿಯುತ್ತದೆ, ಪಾಮ್ ಓಲೀಕ್ ಬೆಳಗಾವಿಯ ಜನವರಿಯ 12–14 ಡಿಗ್ರಿಗೇ ಮಂಕಾಗಿ ಹರಳು ಕಟ್ಟಲು ಶುರುಮಾಡುತ್ತದೆ. ಹರಳು ಕಟ್ಟಿದ ಡ್ರಮ್ಮಿಗೆ ಪಂಪ್ ಇಳಿಸಿ ಮೇಲಿನಿಂದ ಹೀರಿದಾಗ ಮೊದಲ ಬ್ಯಾಚುಗಳಿಗೆ ಒಳ್ಳೆಯ ಓಲೀಕ್ ಹೋಯಿತು, ಕೊನೆಯ ಬ್ಯಾಚಿಗೆ ತಳದ ಪಾಮಿಟಿಕ್ ಪೂರ್ತಿ ಹೋಯಿತು. ‘ಒಂದು ಡ್ರಮ್ ಚೆನ್ನಾಗಿದೆ, ಒಂದು ಕೆಟ್ಟಿದೆ’ ಎಂಬ ದೂರಿನ ಗುಟ್ಟು ಇದು. ಇಂಥ ಡ್ರಮ್ಮನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿ, ಹತ್ತು ನಿಮಿಷ ಉರುಳಿಸಿ, ಆಮೇಲೆ ಎತ್ತಬೇಕು.

ಇನ್ನು ನೀರು. ಇದನ್ನು ಯಾರೂ ಮೊದಲು ನೋಡಲಿಲ್ಲ. ಬೆಳಗಾವಿಯ ನಲ್ಲಿ ನೀರು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳದು, ಮೆದು. ದೂರು ಬಂದ ಶಾಪ್‌ಗಳು ಬಹುಪಾಲು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನವು. ಲೆಕ್ಕ ಹಾಕಿ ನೋಡಿ. ಗಡಸುತನ 400 ಪಿಪಿಎಂ ಎಂದರೆ ಲೀಟರಿಗೆ 4 ಮಿಲಿಮೋಲ್ ಕ್ಯಾಲ್ಸಿಯಂ. ಒಂದೊಂದು ಕ್ಯಾಲ್ಸಿಯಂ ಎರಡೆರಡು ಕೊಬ್ಬಿನಾಮ್ಲವನ್ನು ಹಿಡಿಯುತ್ತದೆ. 8 ಮಿಲಿಮೋಲ್, ಅಂದರೆ ಹತ್ತಿರ ಹತ್ತಿರ 2.25 ಗ್ರಾಂ. ಶೇ. 5ರ ಮಿಶ್ರಣದ ಒಂದು ಲೀಟರಿನಲ್ಲಿ ಕಾನ್ಸಂಟ್ರೇಟ್ 50 ಗ್ರಾಂ, ಅದರಲ್ಲಿ ಆಮ್ಲ 3 ಗ್ರಾಂ. ಮುಕ್ಕಾಲು ಪಾಲು ಆಮ್ಲವನ್ನು ನೀರೇ ನುಂಗಿ ಸುಣ್ಣದ ಸಾಬೂನು ಮಾಡಬಲ್ಲದು. 100 ಪಿಪಿಎಂ ನೀರಿನಲ್ಲಿ ಅದೇ ಅರ್ಧ ಗ್ರಾಂ ಚಿಲ್ಲರೆ.

ಹಾಗಾದರೆ ಟೋಫಾ ಇದ್ದಾಗ ಅದೇ ಬೋರ್ ನೀರು ಹೇಗೆ ನಡೆಯುತ್ತಿತ್ತು? ಅಷ್ಟೇ ಕ್ಯಾಲ್ಸಿಯಂ ಸಾಬೂನು ಆಗಲೂ ಆಗುತ್ತಿತ್ತು. ಆದರೆ ಓಲೀಕ್ ಮತ್ತು ಲಿನೋಲೀಕ್‌ನ ಸುಣ್ಣದ ಸಾಬೂನು ಮೆತ್ತಗಿದ್ದು ತೈಲದ ಹನಿಯಲ್ಲಿ ಕರಗಿ ಕೂರುತ್ತದೆ, ಎಣ್ಣೆಯನ್ನು ನೀರಿಗೆ ಬೆರೆಸಲು ಜೊತೆಗೆ ಹಾಕಿರುವ ಸಲ್ಫೋನೇಟ್ ಅದನ್ನು ಹಿಡಿದಿಡುತ್ತದೆ. ಪಾಮಿಟಿಕ್‌ನದು ಗಟ್ಟಿ, ತೇಲಿ ಬಂದು ಜಾಲರಿಗೆ ಕೂರುತ್ತದೆ. ಜೊತೆಗೆ ಚಳಿಗಾಲದಲ್ಲಿ ಸಂಪಿನ ನೀರು ತಣ್ಣಗೆ, ಬೋರ್ ಮಟ್ಟ ಇಳಿಯುತ್ತ ಗಡಸುತನ ಏರುತ್ತ. ಮೊದಲಿನಿಂದಲೂ ಅಂಚಿನಲ್ಲೇ ನಡೆಯುತ್ತಿದ್ದ ಸೂತ್ರವನ್ನು ಪಾಮ್ ಓಲೀಕ್ ಅಂಚಿನಾಚೆ ತಳ್ಳಿತು ಅಷ್ಟೆ. ಅರ್ಧ ಹೊಣೆ ನೀರಿನದು. ಆದರೆ ಹೇಳದೆ ಸರಕು ಬದಲಿಸಿದವನು ನೀರಿನ ಮೇಲೆ ಹೊಣೆ ಹಾಕಿದರೆ ಕೇಳುವವರಾರು?

ಹೊಂದಿಸಿಕೊಂಡ ಬಗೆ

ಉಳಿದ ಹತ್ತು ಡ್ರಮ್ ವಾಪಸು ಬಂದವು. ಬದಲಿಗೆ ಬೇಕಾದದ್ದು ಟೋಫಾದಂತೆ ನಡೆದುಕೊಳ್ಳುವ ಒಂದು ಮಿಶ್ರಣ. ಟೈಟರ್, ಅಂದರೆ ಹೆಪ್ಪುಗಟ್ಟುವ ಶಾಖ, 5 ಡಿಗ್ರಿಗಿಂತ ಕಡಿಮೆ ಇರುವ ಓಲೀಕ್ 85 ಪಾಲು, ಚಿರ್ ಪೈನಿನ ರಾಳ 15 ಪಾಲು. ಓಲೀಕ್‌ನ ಆಮ್ಲ ಮೌಲ್ಯ 200, ರಾಳದ್ದು 165 ಎಂದು ಹಿಡಿದರೆ ಮಿಶ್ರಣದ್ದು 194.75, ಟೋಫಾದ ಹತ್ತಿರವೇ. ಹಾಗಾಗಿ ಅಮೈನ್ ಲೆಕ್ಕ ಬದಲಾಗುವುದಿಲ್ಲ. ರಾಳದ ಸಾಬೂನು ಮಿಶ್ರಣವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಡಿಟಿಒ ಬಳಸುವವರಿಗೆ ಈ ಗುಣ ಗೊತ್ತು. ರಾಳವನ್ನು ನೆಲ್ಲಿಕಾಯಿ ಗಾತ್ರಕ್ಕೆ ಒಡೆದು, ಓಲೀಕ್‌ನ ಕಾಲು ಭಾಗವನ್ನಷ್ಟೇ 110 ಡಿಗ್ರಿಗೆ ಕಾಯಿಸಿ ಅದರಲ್ಲಿ 45 ನಿಮಿಷ ತಿರುವಿ ಕರಗಿಸಬೇಕು. ಆಮೇಲೆ ಉಳಿದ ಓಲೀಕ್. ಪೂರ್ತಿ ಓಲೀಕನ್ನು ಕಾಯಿಸಿದರೆ ಬಣ್ಣ ಕೆಡುತ್ತದೆ, ಡೀಸೆಲ್ಲೂ ದಂಡ. ರಾಳ 15 ಪಾಲು ದಾಟಿಸುವ ಆಸೆ ಬೇಡ. ನೀರು ಆರಿದ ಮೇಲೆ ಮೆಷಿನ್ ಸ್ಲೈಡಿನ ಮೇಲೆ ಅಂಟು ಉಳಿಯುತ್ತದೆ.

ಪ್ರತಿ ಬ್ಯಾಚಿಗೂ ಒಂದು ಜಾಡಿ ಪರೀಕ್ಷೆ ಕಡ್ಡಾಯವಾಯಿತು. ಲೀಟರ್ ಡಿಸ್ಟಿಲ್ಡ್ ನೀರಿಗೆ 0.59 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿದರೆ 400 ಪಿಪಿಎಂ ಗಡಸು ನೀರು ಸಿದ್ಧ. 100 ಮಿ.ಲೀ. ಸಿಲಿಂಡರಿನಲ್ಲಿ ಅದನ್ನು 95 ಮಿ.ಲೀ. ತೆಗೆದು, ಮೇಲೆ 5 ಮಿ.ಲೀ. ಕಾನ್ಸಂಟ್ರೇಟ್ ಸುರಿದು, ಹತ್ತು ಸಲ ತಲೆಕೆಳಗು ಮಾಡಿ, 24 ತಾಸು ಬಿಡುವುದು. ಇನ್ನೊಂದು ಸಿಲಿಂಡರಿನಲ್ಲಿ ಗ್ರಾಹಕ ಬೆರೆಸುವ ನೀರು. ಎಣ್ಣೆ ಬೇರೆಯಾದರೆ ಬ್ಯಾಚ್ ಹೊರಗೆ ಹೋಗುವುದಿಲ್ಲ.

ಅಲ್ಕಿಡ್ ಘಟಕದ ವಿಷಯ ಬೇರೆ. ಅಲ್ಲಿ ಓಲೀಕ್ ಕೊಟ್ಟರೆ ಪೇಂಟು ವಾರವಾದರೂ ಅಂಟಂಟಾಗಿ ಇರುತ್ತದೆ. ಒಣಗುವ ಶಕ್ತಿಯನ್ನು ಸೂಚಿಸುವ ಅಯೋಡಿನ್ ಮೌಲ್ಯ ಅದಕ್ಕೆ 90ರ ಆಸುಪಾಸು, ಬೇಕಾದದ್ದು 125ರ ಮೇಲೆ. ಎತ್ತಿಟ್ಟ ಟೋಫಾ ಮೂರು ವಾರಕ್ಕೆ ಮುಗಿಯುತ್ತ ಬಂದಾಗ ಸೋಯಾ ಕೊಬ್ಬಿನಾಮ್ಲ ಕೊಟ್ಟದ್ದು ಈ ಕಾರಣಕ್ಕೆ, ಈ ಸಲ ಬಿಲ್ಲಿನ ಮೇಲೆ ಹೆಸರು ಬರೆದು. ಸೋಯಾದಲ್ಲಿ ಲಿನೋಲೆನಿಕ್ ಶೇ. 7ರಷ್ಟಿರುವುದರಿಂದ ಬಿಳಿ ಎನಾಮೆಲ್ ಹಳದಿಗೆ ತಿರುಗುತ್ತದೆ. ಹಾಗಾಗಿ ಇದ್ದಬದ್ದ ಟೋಫಾ ಬಿಳಿಗೆ, ಸೋಯಾ ರೆಡ್ ಆಕ್ಸೈಡ್ ಪ್ರೈಮರಿಗೆ ಎಂದು ಹಂಚಿಕೊಂಡರು. ಕೋಣೆಯ ಚಳಿಗೆ ಸೋಯಾ ಆಮ್ಲ ತುಪ್ಪದಂತೆ ಹೆಪ್ಪುಗಟ್ಟುವುದರಿಂದ 45 ಡಿಗ್ರಿಗೆ ಕಾಯಿಸಿಯೇ ಕೆಟಲಿಗೆ ಹಾಕಬೇಕಾಯಿತು. ವಿಜಯಪುರದ ಕಪ್ಪು ನೆಲದ ಕುಸುಬಿ ಎಣ್ಣೆ ಈ ಕೆಲಸಕ್ಕೆ ಇನ್ನೂ ಚೆಂದ: ಮುಕ್ಕಾಲು ಪಾಲು ಲಿನೋಲೀಕ್, ಲಿನೋಲೆನಿಕ್ ಇಲ್ಲವೆನ್ನುವಷ್ಟು. ಆದರೆ ರೊಟ್ಟಿ ಬುತ್ತಿಯ ಚಟ್ನಿಗೆ ಬೀಳುವ ಎಣ್ಣೆಯ ಬೆಲೆ ಕೊಟ್ಟು ಪ್ರೈಮರ್ ಮಾಡುವವರಿಲ್ಲ.

ಅಭಾವದ ದಿನಗಳಲ್ಲಿ ‘ಟೋಫಾ’ ಹೆಸರಿನಲ್ಲಿ ಬೇರೇನೋ ಬರುವುದೂ ಉಂಟು. ಎರಡು ಅಗ್ಗದ ಪರೀಕ್ಷೆ ಸಾಕು. ಮಾದರಿಯನ್ನು ರಾತ್ರಿಯಿಡೀ 5 ಡಿಗ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಗಟ್ಟಿಯಾಗಿದ್ದರೆ ಸಸ್ಯತೈಲದ ಆಮ್ಲ ಬೆರೆತಿದೆ. ಇನ್ನೊಂದು, ಕೆಲವು ಹನಿಯನ್ನು ಅಸಿಟಿಕ್ ಅನ್‌ಹೈಡ್ರೈಡಿನಲ್ಲಿ ಕರಗಿಸಿ ಗಂಧಕಾಮ್ಲದ ಒಂದು ಹನಿ ಬಿಡಿ: ಕ್ಷಣಕಾಲ ನೇರಳೆ ಮಿಂಚಿದರೆ ರಾಳ ಇದೆ. ಟೋಫಾದಲ್ಲಿ ರಾಳ ಶೇ. 2ರ ಒಳಗಿರಬೇಕು ನಿಜ, ಆದರೆ ನೇರಳೆ ಒಂಚೂರೂ ಕಾಣದಿದ್ದರೆ ಅದು ಪೈನ್ ಕಂಡ ಸರಕೇ ಅಲ್ಲ ಎಂಬ ಅನುಮಾನ ಬರಬೇಕು. ಪ್ರಮಾಣ ತಿಳಿಯಲು ಆಮ್ಲದ ವೇಗವರ್ಧಕದೊಂದಿಗೆ ಮೆಥನಾಲಿನಲ್ಲಿ ಕುದಿಸಿ ಟೈಟ್ರೇಟ್ ಮಾಡುತ್ತಾರೆ, ಅಂದರೆ ಉಳಿದ ಆಮ್ಲವನ್ನು ಕ್ಷಾರ ಹಾಕಿ ಅಳೆಯುತ್ತಾರೆ. ಕೊಬ್ಬಿನಾಮ್ಲ ಎಸ್ಟರ್ ಆಗಿ ಆಮ್ಲಗುಣ ಕಳೆದುಕೊಳ್ಳುತ್ತದೆ. ರಾಳಾಮ್ಲದ ಆಮ್ಲಗುಂಪು ಇಕ್ಕಟ್ಟಿನ ಕಾರ್ಬನ್ ಮೇಲೆ ಕೂತಿರುವುದರಿಂದ ಹಾಗೇ ಉಳಿಯುತ್ತದೆ. ಹಾಕಿದ ವೇಗವರ್ಧಕವನ್ನು ಕಳೆದು ಉಳಿದ ಆಮ್ಲವೇ ರಾಳ.

ಖರೀದಿಯ ಲೆಕ್ಕ

ಮಾರ್ಚಿನಲ್ಲಿ ಪೂರೈಕೆದಾರ ನೇರ ಆಮದಿಗೆ ಇಳಿದ. ಆರ್ಡರಿನಿಂದ ಮುಂಬೈ ಬಳಿಯ ನ್ಹಾವಾ ಶೇವಾ ಬಂದರು, ಅಲ್ಲಿಂದ ಪುಣೆ ಕೊಲ್ಹಾಪುರ ದಾಟಿ ಬೆಳಗಾವಿಯ ಗೇಟಿನವರೆಗೆ 75 ದಿನ, ಸುತ್ತು ದಾರಿಯಾದರೆ 90. ತಿಂಗಳಿಗೆ 8 ಟನ್ನಿನಂತೆ 90 ದಿನಕ್ಕೆ 24 ಟನ್, ಮೇಲೊಂದು ತಿಂಗಳ ಆಪತ್ತಿನ ದಾಸ್ತಾನು. ಕೈಯಲ್ಲಿರುವುದೂ ದಾರಿಯಲ್ಲಿರುವುದೂ ಸೇರಿ 32 ಟನ್ನಿಗೆ ಇಳಿದ ಕೂಡಲೇ ಮುಂದಿನ ಆರ್ಡರ್ ಹೋಗಬೇಕು. 3 ಟನ್ನಿಗೆ ಫೋನ್ ಮಾಡುತ್ತಿದ್ದವನಿಗೆ ಈ ಅಂಕಿ ಎದೆ ನಡುಗಿಸಿತು.

ಆದರೆ ಹೆದರಿಕೆ ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ನೋಡಬೇಕು. ಲೆಕ್ಕಕ್ಕಾಗಿ ಕೆಜಿಗೆ ₹100 ಹಿಡಿಯೋಣ. 22 ಟನ್ನಿಗೆ ₹22 ಲಕ್ಷ. ಶೇ. 12ರ ಬಡ್ಡಿಯಲ್ಲಿ 14 ದಿನದ ವಿಳಂಬದ ಖರ್ಚು ₹10,100ರ ಸುಮಾರು, ಕೆಜಿಗೆ 46 ಪೈಸೆ. ಹಡಗು ಸುತ್ತಿ ಬಂದದ್ದರ ಬಡ್ಡಿ ಅಷ್ಟೇ. ಹಣ ಕಟ್ಟಿಹೋಗುವುದು ಇತ್ತ ಕಡೆ: ಗ್ರಾಹಕನ ಉದ್ದರಿಯೂ ಸೇರಿ 150 ದಿನ ದುಡ್ಡು ಹೊರಗಿದ್ದರೆ ಕೆಜಿಗೆ ₹4.93. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ ತಂದ 43ಬಿ(ಎಚ್) ಕಲಮು ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನದೊಳಗೆ ಹಣ ಕೊಡದವರಿಗೆ, ಹಣ ಕೊಡುವ ತನಕ ಆ ಖರ್ಚನ್ನು ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬಿಡುತ್ತಿರಲಿಲ್ಲ ನಿಜ. ಆದರೆ ಅದು ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗೆ ಅನ್ವಯಿಸುತ್ತಿರಲಿಲ್ಲ. ಡ್ರಮ್ ತಂದು ಡ್ರಮ್ ಕೊಡುವವನು ಬಾಕಿ ಕೇಳಲು ಈ ಕಲಮನ್ನು ನಂಬಿ ಕೂರುವಂತಿರಲಿಲ್ಲ.

ಫ್ಲೆಕ್ಸಿಟ್ಯಾಂಕ್ ತರಿಸಲು ಕನಿಷ್ಠ 25 ಸಾವಿರ ಲೀಟರಿನ ತೊಟ್ಟಿ ಬೇಕು. ಸಾದಾ ಕಬ್ಬಿಣದ್ದಾದರೆ ಆಮ್ಲ ಅದನ್ನು ಕೊರೆದು ಕಬ್ಬಿಣದ ಸಾಬೂನು ಮಾಡಿಕೊಂಡು ಕಪ್ಪಾಗುತ್ತದೆ, ಆ ಸಾಬೂನೇ ಮುಂದೆ ಉತ್ಕರ್ಷಣೆಯನ್ನು ಓಡಿಸುತ್ತದೆ. ಕೋಣೆಯ ಶಾಖಕ್ಕೆ ಸ್ಟೇನ್‌ಲೆಸ್ ಸ್ಟೀಲ್ 304 ದರ್ಜೆ ಸಾಕು, ಬಿಸಿ ಮಾಡುವ ಕೆಟಲಿಗೆ 316. ಹಿತ್ತಾಳೆ ವಾಲ್ವ್ ಒಂದೂ ಇರಬಾರದು. ತೊಟ್ಟಿಯ ಮೇಲಿನ ಖಾಲಿಗೆ ಸಾರಜನಕ ತುಂಬಬೇಕು. ಇಳಿಸುವ ದಿನ ಗೇರ್ ಪಂಪ್, ಬಿಡಿ ಹೋಸ್, ಇಬ್ಬರು ಆಳು ಸಿದ್ಧವಿರಬೇಕು. ಚೀಲದ ಮಡಿಕೆಯಲ್ಲಿ ಕೊನೆಗೆ ಒಂದಿಷ್ಟು ಉಳಿದೇ ಉಳಿಯುತ್ತದೆ, ಚೀಲವನ್ನು ಎತ್ತಿ ಮಡಚುತ್ತ ಬಂದರೆ ಕಡಿಮೆಯಾಗುತ್ತದೆ. ಒರೆಸಿದ ಬಟ್ಟೆಗಳನ್ನು ಮೂಲೆಗೆ ರಾಶಿ ಹಾಕಬಾರದು. ಒಣಗುವ ಆಮ್ಲ ನೆನೆದ ಬಟ್ಟೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುತ್ತದೆ. ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಬೇಕು.

ಗ್ರಾಹಕರೊಂದಿಗಿನ ಕರಾರಿನಲ್ಲಿ ಎರಡು ಸಾಲು ಹೊಸದಾಗಿ ಸೇರಿದವು. ಮೂಲ ಬದಲಾದರೆ ಏಳು ದಿನ ಮುಂಚೆ ಬರಹದಲ್ಲಿ ತಿಳಿಸುವುದು, ಜೊತೆಗೆ ಎರಡು ಲೀಟರ್ ಮಾದರಿ. ಪ್ರತಿ ಲಾಟಿನ ಅರ್ಧ ಲೀಟರ್ ಕಂದು ಬಾಟಲಿಯಲ್ಲಿ ಆರು ತಿಂಗಳು ಎರಡೂ ಕಡೆ ಇಡುವುದು.

ಒಂದು ತೊಡಕು ಮಾತ್ರ ಬಗೆಹರಿದಿಲ್ಲ. ಜನವರಿಯ ಗಲಾಟೆಯ ನಂತರ ಕಟಿಂಗ್ ಆಯಿಲ್ ಘಟಕ ತನ್ನ ಬೋರ್ ನೀರಿನ ಗ್ರಾಹಕರಿಗಾಗಿ ಕೊಬ್ಬಿನಾಮ್ಲ ಕಡಿಮೆ ಇರುವ ಸೆಮಿ ಸಿಂಥೆಟಿಕ್ ಸೂತ್ರ ತಂದಿತು. ಅದರ ಖರೀದಿ 4 ಟನ್ನಿನಿಂದ ಎರಡೂವರೆಗೆ ಇಳಿಯಿತು. ಒಟ್ಟು ಮಾರಾಟ 6.5 ಟನ್ ಆದರೆ ಒಂದು ಫ್ಲೆಕ್ಸಿಟ್ಯಾಂಕ್ ನೂರು ದಿನ ದಾಟುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅರ್ಧ ಖಾಲಿಯಾದ ತೊಟ್ಟಿಯ ಟೋಫಾ ಬಣ್ಣ ಏರಿಸಿಕೊಂಡರೆ ಬಿಳಿ ಎನಾಮೆಲಿನವರು ಮುಟ್ಟುವುದಿಲ್ಲ. ಕೊಲ್ಹಾಪುರದ ಇನ್ನೊಬ್ಬ ಪೂರೈಕೆದಾರನೊಂದಿಗೆ ಒಂದೇ ಕಂಟೇನರನ್ನು ಪಾಲು ಹಾಕಿಕೊಳ್ಳುವ ಮಾತು ನಡೆದಿದೆ. ಯಾರ ತೊಟ್ಟಿಗೆ ಮೊದಲು ಇಳಿಸುವುದು ಎಂಬಲ್ಲಿ ಅದು ನಿಂತಿದೆ.